ಅವ್ವ ಏನಂತ ಕರೀತಾಳ?

ಹೋದ ತಿಂಗಳು ನನ್ನ ಮೊಬೈಲಿಗೆ ಒಂದು ಫ್ಲೆಕ್ಸ್ ಬ್ಯಾನರಿನ ಫೋಟೋ ಬಂತು. ಊರಿನಿಂದ ಗಂಡ ಕಳಿಸಿದ್ದು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಎರಡೂ ಬದಿಗೆ ಉರಿಯುವ ದೀಪ, ನಡುವೆ ಗುಲಾಬಿ ಹೂವಿನ ಚೌಕಟ್ಟಿನೊಳಗೆ ಕಪ್ಪು ಕೋಟು ತೊಟ್ಟ ಒಬ್ಬ ಮುದುಕ. ಕೆಳಗೆ ನಾಲ್ಕು ಪದದ ಉದ್ದನೆಯ ಹೆಸರು. ಎರಡು ಸಲ ಓದಿದೆ. ಯಾರೆಂದು ಹೊಳೆಯಲಿಲ್ಲ. ಗಂಡನ ಕಡೆಯ ಯಾವುದೋ ದೂರದ ಬೀಗರಿರಬೇಕು ಎಂದುಕೊಂಡು ಫೋನು ಕೆಳಗಿಡುವಷ್ಟರಲ್ಲಿ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ಲು ಕಂಡಿತು. ಕಂಪ್ಯೂಟರಿನವರು ಅವರಿಗೆ ಕೋಟು ತೊಡಿಸಿದ್ದರು, ಟೈ ಕಟ್ಟಿದ್ದರು, ಪೆನ್ಸಿಲ್ಲು ತೆಗೆಯುವುದನ್ನು ಮಾತ್ರ ಮರೆತಿದ್ದರು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಸಿರುಗುಪ್ಪ ತಾಲೂಕಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಅವರು ಪೇಂಟರ್ ಮಾಮ. ಬೇರೆ ಪೇಂಟರುಗಳು ಬೋರ್ಡಿನ ಮೂಲೆಯಲ್ಲಿ ತಮ್ಮ ಹೆಸರು, ಫೋನ್ ನಂಬರು ಬರೆದುಕೊಳ್ಳುತ್ತಾರಲ್ಲ, ಇವರು ಅದನ್ನೂ ಮಾಡಿದವರಲ್ಲ. ಅಂಗಡಿ ಬೋರ್ಡು, ಮದುವೆ ಮನೆಯ ಗೋಡೆ, ಚುನಾವಣೆಯ ಚಿಹ್ನೆ ಎಲ್ಲ ಹೊಟ್ಟೆಪಾಡಿಗೆ ಬರೆಯುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಟ್ರ್ಯಾಕ್ಟರ್ ಟ್ರಾಲಿ, ಲಾರಿ, ಆಟೋಗಳ ಹಿಂದೆ ಮಕ್ಕಳ ಹೆಸರು ಬರೆಯುವುದರಲ್ಲಿ.

ಅವರನ್ನು ಕಾಣುವುದಕ್ಕಿಂತ ಎಷ್ಟೋ ವರ್ಷ ಮೊದಲೇ ನಾನು ಅವರ ಕೈಯನ್ನು ಬಲ್ಲೆ. ನನ್ನ ತವರು ಕುರುಗೋಡು. ಮನೆ ರಸ್ತೆಗೆ ಅಂಟಿಕೊಂಡೇ ಇತ್ತು. ಬೇಸಿಗೆ ರಜೆಯ ಮಧ್ಯಾಹ್ನ, ಗುಡ್ಡದ ಬಂಡೆಗಳಿಂದ ಕಾವು ಹೊಮ್ಮುವ ಹೊತ್ತಿಗೆ, ಎಲ್ಲರೂ ಮಲಗಿದ್ದಾಗ ನಾನು ಕಟ್ಟೆಯ ಮೇಲೆ ಕೂತು ಹೋಗುವ ಗಾಡಿಗಳ ಬೆನ್ನು ಓದುತ್ತಿದ್ದೆ. ಚಿನ್ನಾ. ಅಪ್ಪು. ಪಿಂಕಿ. ಗುಂಡ. ಮುನ್ನಾ. ಓದಿ ಮುಗಿಸುವಷ್ಟರಲ್ಲಿ ಗಾಡಿ ಧೂಳಿನೊಳಗೆ ಸೇರಿರುತ್ತಿತ್ತು. ಹತ್ತಿ ಹೇರಿದ ಲಾರಿಯೊಂದು ತೂಗಾಡುತ್ತಾ ಮೆಲ್ಲಗೆ ಹೋದರೆ, ಒಳಗೆ ಹತ್ತಿಯ ಮೇಲೆ ಪಿಂಕಿ ಮಲಗಿದ್ದಾಳೆ, ಅವಳು ಎಚ್ಚರಾಗಬಾರದೆಂದು ಡ್ರೈವರ್ ನಿಧಾನ ಹೊಡೆಯುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಲೋಕದ ಮಕ್ಕಳೆಲ್ಲ ಹೀಗೆ ನಿದ್ದೆಯಲ್ಲೇ ನಮ್ಮ ಮನೆ ಮುಂದೆ ಹಾದು ಹೋಗುತ್ತಾರೆ ಅನ್ನಿಸುತ್ತಿತ್ತು. ಕೆಲವು ಹೆಸರುಗಳ ಕೊನೆಯ ಗೆರೆ ಮೇಲಕ್ಕೆ ಎದ್ದು ಸಣ್ಣಗೆ ಸುರುಳಿಯಾಗಿರುತ್ತಿತ್ತು, ಎಳೆಕೂಸಿನ ಹಣೆಯ ಮೇಲಿನ ಕೂದಲಿನ ಹಾಗೆ. ಆ ಸುರುಳಿ ಇದ್ದರೆ ಅದು ಒಂದೇ ಕೈಯ ಬರಹ ಎಂದು ನನಗೆ ಗೊತ್ತಾಗುತ್ತಿತ್ತು. ನಮ್ಮಪ್ಪನ ಹತ್ತಿರ ಸೈಕಲ್ ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ಹಾಗಾಗಿ ನನ್ನ ಹೆಸರು ಎಲ್ಲಿಗೂ ಪ್ರಯಾಣ ಮಾಡಲಿಲ್ಲ. ಅದಕ್ಕೆ ಅಪ್ಪನ ಮೇಲೆ ನನಗೆ ಸ್ವಲ್ಪ ಸಿಟ್ಟಿತ್ತು. ಈಗಲೂ ಇದೆ.

ಮದುವೆಯಾಗಿ ದೇಶನೂರಿಗೆ ಹೋದೆ. ಆ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಇಷ್ಟನ್ನೇ ನೋಡಿ ನಾನು ಗಂಡನ್ನು ಒಪ್ಪಿದೆ ಎಂದು ತವರಿನಲ್ಲಿ ಇಂದಿಗೂ ಆಡಿಕೊಳ್ಳುತ್ತಾರೆ. ಪೂರ್ತಿ ಸುಳ್ಳೇನಲ್ಲ.

ಪೇಂಟರ್ ಮಾಮನ ಜಾಗ ಸಿರುಗುಪ್ಪದ ಬಸ್ ನಿಲ್ದಾಣದ ಹಿಂದೆ, ಟ್ರಾಲಿ ಕಟ್ಟುವ ವೆಲ್ಡಿಂಗ್ ಶೆಡ್ಡಿನ ಮಗ್ಗುಲಲ್ಲಿ, ಒಂದು ಬೇವಿನ ಮರದ ಕೆಳಗೆ. ಒಣಕಲು ದೇಹ, ಕಿವಿಯ ಹಿಂದೆ ಆ ಪೆನ್ಸಿಲ್ಲು, ಎಲ್ಲ ಬಣ್ಣವೂ ಒಂದೊಂದು ಹನಿ ಬಿದ್ದಿದ್ದ ಅರ್ಧ ತೋಳಿನ ಅಂಗಿ, ಕೈ ಆನಿಸಿಕೊಳ್ಳಲು ತುದಿಗೆ ಬಟ್ಟೆ ಸುತ್ತಿದ ಒಂದು ಬಿದಿರು ಕೋಲು. ಮೊದಲು ಸುಣ್ಣ ಸವರಿದ ದಾರ ಹಿಡಿದು ಗೆರೆ ಹೊಡೆಯುತ್ತಿದ್ದರು. ಆಮೇಲೆ ಗೆರೆಯನ್ನು ಮರೆತು ಬರೆಯುತ್ತಿದ್ದರು. ಬರೆಯುವಾಗ ತುಟಿ ಅಲ್ಲಾಡುತ್ತಿತ್ತು. ಆ ಹೆಸರಿನ ಮಗುವನ್ನು ಒಳಗೊಳಗೇ ಕರೆಯುತ್ತಿದ್ದಾರೆ ಎಂದು ನೋಡಿದವರಿಗೆ ತಿಳಿಯುತ್ತಿತ್ತು.

ಗಂಡಸರು ಚೀಟಿಯಲ್ಲಿ ಹೆಸರು ಬರೆಸಿಕೊಂಡು ಬರುತ್ತಿದ್ದರು. ಪುರೋಹಿತರನ್ನು ಕೇಳಿ, ಮೊಬೈಲಿನಲ್ಲಿ ಹುಡುಕಿ ಇಟ್ಟ ಉದ್ದುದ್ದ ಹೆಸರು. ಮಾಮ ಚೀಟಿ ಇಸಿದುಕೊಂಡು, ಓದದೆಯೇ ಜೇಬಿಗೆ ಹಾಕಿಕೊಂಡು, ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು.

“ಅದು ಇರ್ಲಿ. ಅವ್ವ ಏನಂತ ಕರೀತಾಳ?”

ಬಹಳಷ್ಟು ಅಪ್ಪಂದಿರಿಗೆ ಗೊತ್ತಿರುತ್ತಿರಲಿಲ್ಲ. ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ಹೊಸ ಲಾರಿ ತಂದು ನಿಲ್ಲಿಸಿ, ಮಗನ ಹೆಸರು ಬರೆಯಿರಿ ಎಂದರಂತೆ. ಈ ಪ್ರಶ್ನೆ ಕೇಳಿದ ಕೂಡಲೇ ತಬ್ಬಿಬ್ಬಾಗಿ ಹೆಂಡತಿಗೆ ಫೋನು ಹಚ್ಚಿದರಂತೆ. ಆಯಮ್ಮ ಮೊದಲು ನಾಚಿಕೊಂಡು, ಆಮೇಲೆ ಸಣ್ಣ ದನಿಯಲ್ಲಿ, ಟುಬ್ಬಿ ಎಂದರಂತೆ. ಮಗು ಅಷ್ಟು ದುಂಡಗಿತ್ತು. ಹನ್ನೆರಡು ಚಕ್ರದ ಲಾರಿಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಟುಬ್ಬಿ ಎಂದೇ ಬಿತ್ತು. ಈಗ ಟುಬ್ಬಿಗೆ ಮೀಸೆ ಬಂದಿದೆ, ಬುಲೆಟ್ ಬೈಕು ಬಂದಿದೆ. ಲಾರಿಯ ಮೇಲಿನ ಹೆಸರು ಅಳಿಸಿಕೊಡಿ ಎಂದು ಹೋದರೆ ಮಾಮ, ಅದು ನಿಮ್ಮವ್ವನ ಆಸ್ತಿ, ಆಕೆಯ ಸಹಿ ಹಾಕಿಸಿಕೊಂಡು ಬಾ ಅಂದರಂತೆ. ಲಾರಿ ಇನ್ನೂ ಟುಬ್ಬಿಯನ್ನು ಹೊತ್ತುಕೊಂಡೇ ಓಡಾಡುತ್ತಿದೆ.

ಹೆಸರಿನ ಬಗ್ಗೆ ಅವರದೇ ಒಂದು ಶಾಸ್ತ್ರವಿತ್ತು. “ಹಲ್ಲು ಹೋದ ಮುದುಕಿ ಕರ್ಯಾಕ ಬರಬೇಕು, ಹಲ್ಲು ಬರದ ಕೂಸು ತಿರುಗಿ ನೋಡಬೇಕು. ಅದು ಹೆಸರು” ಎನ್ನುತ್ತಿದ್ದರು. ಬುಜ್ಜಿ, ಚಿಟ್ಟಿ, ಕನ್ನಾ ಎನ್ನುವ ತೆಲುಗಿನವರು, ಮುನ್ನಾ, ಗುಡ್ಡಿ ಎನ್ನುವ ಸಾಬರ ಮನೆಯವರು, ಅವ್ವಿ, ತಮ್ಮ, ಬಂಗಾರಿ ಎನ್ನುವ ನಾವು, ಎಲ್ಲರೂ ಅವರ ಬೇವಿನ ಮರದ ಕೆಳಗೆ ಒಂದೇ ಭಾಷೆಯವರಾಗುತ್ತಿದ್ದೆವು. ಬಳ್ಳಾರಿ ಕಡೆ ಯಾವ ಮಾತು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಮುದ್ದಿನಲ್ಲಂತೂ ಗೆರೆಯೇ ಇಲ್ಲ.

ಮಗುವನ್ನು ನೋಡದೆ ಅವರು ಬರೆಯುತ್ತಿರಲಿಲ್ಲ. ಹುಟ್ಟುವ ಮೊದಲೇ ಬರೆಸಲು ಬಂದವರನ್ನು, ಕೂಸು ಹುಟ್ಟುವ ಮುಂಚೆ ಕುಲಾವಿಯೇ ಎಂದು ವಾಪಸು ಕಳಿಸುತ್ತಿದ್ದರು. ಮನೆಗೆ ಬಂದು ತಮ್ಮ ತೋರುಬೆರಳನ್ನು ಮಗುವಿನ ಮುಷ್ಟಿಗೆ ಕೊಡುತ್ತಿದ್ದರು. ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೋ ನೋಡಿ ಅಕ್ಷರ ಎಷ್ಟು ದಪ್ಪ ಇರಬೇಕೆಂದು ತೀರ್ಮಾನಿಸುತ್ತಿದ್ದರು. ರಾರಾವಿಯ ಒಂದು ಕೂಡು ಕುಟುಂಬದ ಟ್ರಾಲಿಯ ಮೇಲೆ ಎಂಟು ಮಕ್ಕಳ ಹೆಸರಿವೆ. ದೊಡ್ಡವನದು ದೊಡ್ಡದಾಗಿ, ತೊಟ್ಟಿಲಿನಲ್ಲಿರುವುದರದು ಬೊಟ್ಟಿನಷ್ಟು. ಕೊನೆಗೆ ಇನ್ನೊಂದು ಹೆಸರಿಗೆ ಜಾಗ ಬಿಟ್ಟದ್ದನ್ನು ನೋಡಿ ಆ ಮನೆಯ ಹೆಂಗಸರು ಪೊರಕೆ ಹಿಡಿದು ಬಂದರೆಂದು ಮಾಮನೇ ಹೇಳಿ ನಗುತ್ತಿದ್ದರು.

ಇನ್ನು ನಮ್ಮ ಮನೆಯ ಮಾತು.

ನನ್ನ ಅತ್ತೆ ನಾನು ಆ ಮನೆ ತುಂಬುವ ಮೊದಲೇ ತೀರಿಕೊಂಡಿದ್ದರು. ಮೊದಲು ಹುಟ್ಟಿದ ಹೆಣ್ಣುಮಗುವಿಗೆ ತೀರಿಹೋದ ಅಜ್ಜಿಯ ಹೆಸರಿಡುವುದು ಅಲ್ಲಿಯ ವಾಡಿಕೆ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ರಾರಾವಿಗೆ ಕೊಟ್ಟ ನನ್ನ ನಾದಿನಿ ಅವಳ ಕಿವಿಯಲ್ಲಿ ಗಂಗಮ್ಮ ಎಂದು ಉಸುರಿದಳು. ಸುತ್ತ ನಿಂತ ಹೆಂಗಸರು ಸಂಪ್ರದಾಯದಂತೆ ನಾದಿನಿಯ ಬೆನ್ನಿಗೆ ಗುದ್ದಿದರು. ಅಲ್ಲಿಗೆ ಆ ಹೆಸರಿನ ಕೆಲಸ ಮುಗಿಯಿತು. ಸೊಸೆಯಾದ ನಾನು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಮಾವ ಹೆಂಡತಿಯನ್ನು ಬದುಕಿರುವ ತನಕ ಹೆಸರು ಹಿಡಿದು ಕರೆದವರಲ್ಲ, ಈಗ ಮೊಮ್ಮಗಳನ್ನು ಹೇಗೆ ಕರೆದಾರು? ಗಂಡನಿಗೆ ಅದು ಹಡೆದವ್ವನ ಹೆಸರು. ಮಗು ಮೈಮೇಲೆ ಉಚ್ಚೆ ಹೊಯ್ದರೆ ಆ ಹೆಸರಿನಲ್ಲಿ ಬೈಯಲು ಬರುತ್ತದೆಯೇ? ಹೀಗಾಗಿ ಮೂರು ದಿನ ಮನೆಯಲ್ಲಿ ಮೂವರು ದೊಡ್ಡವರು ಒಂದು ಕೂಸನ್ನು ಕರೆಯಲಾಗದೆ ಸುಮ್ಮನೆ ಅದರ ಮುಖ ನೋಡುತ್ತಾ ಕೂತಿದ್ದೆವು. ನಾಲ್ಕನೆಯ ದಿನ ಮಾವ ತೊಟ್ಟಿಲ ಮೇಲೆ ಬಗ್ಗಿ, ಬುಜ್ಜವ್ವ ಎಂದರು. ತೆಲುಗಿನ ಬುಜ್ಜಿಗೆ ನಮ್ಮ ಅವ್ವ ಸೇರಿ ಆದ ಹೆಸರು. ಕೂಸು ತಿರುಗಿ ನೋಡಿತು.

ಪೇಂಟರ್ ಮಾಮ ಬಸ್ಸಿನಲ್ಲಿ ದೇಶನೂರಿಗೆ ಬಂದು, ಬೆರಳು ಕೊಟ್ಟು, ಬಿಗಿ ನೋಡಿ, ಟ್ರಾಲಿಯ ಹಿಂಬಾಗಿಲಿನ ನಟ್ಟ ನಡುವೆ, ಸುತ್ತ ಹೂಬಳ್ಳಿ ಎಳೆದು, ಬುಜ್ಜವ್ವ ಎಂದು ಬರೆದರು. ನೀಲಿಯ ಮೇಲೆ ಹಳದಿ. ಕೊನೆಯ ಗೆರೆಗೆ ಆ ಸುರುಳಿ. ಕುರುಗೋಡಿನ ಕಟ್ಟೆಯ ಮೇಲೆ ಓದಿದ ಅಕ್ಷರ ಇವರವೇ ಎಂದು ನನಗೆ ತಿಳಿದದ್ದು ಅವತ್ತು. ಹೇಳಿದೆ. ಅವರು, ಹಾಗಾದರೆ ನೀನು ನನಗೆ ಹಳೆಯ ಗುರುತಿನವಳೇ ಅಂದರು.

ಬುಜ್ಜವ್ವನಿಗೆ ಹನ್ನೊಂದು ತಿಂಗಳಿದ್ದಾಗ ಜ್ವರ ಬಂತು. ಐದನೆಯ ದಿನ ಹೋದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಇನ್ನೂ ಆಗುವುದಿಲ್ಲ.

ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. ಎತ್ತಬಾರದೆಂದು ಯಾರೂ ಹೇಳಲಿಲ್ಲ, ಆದರೂ ಎತ್ತಲಿಲ್ಲ. ಗಂಡ ಹೊಲಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ಉಣ್ಣುತ್ತಿದ್ದರು. ನಾನು ಬಡಿಸುತ್ತಿದ್ದೆ. ಒಬ್ಬರ ಮುಖ ಒಬ್ಬರು ನೋಡಿದರೆ ಅಳು ಬಂದೀತೆಂದು ಇಬ್ಬರೂ ತಾಟಿನ ಕಡೆ ನೋಡುತ್ತಿದ್ದೆವು. ಆದರೆ ಊರಿಗೆ ಹೇಗೆ ಹೇಳುವುದು? ದೇಶನೂರಿನಲ್ಲಿ ಟ್ರ್ಯಾಕ್ಟರುಗಳಿಗೆ ಗುರುತು ಹಿಂದಿನ ಹೆಸರೇ. ಮೊದಮೊದಲು ಜನ ನಮ್ಮ ಮುಂದೆ ತಡವರಿಸುತ್ತಿದ್ದರು. ಆಮೇಲೆ ಮರೆವು ಬಂತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಬುಜ್ಜವ್ವನನ್ನು ನಾಳೆ ಕಳಿಸಿ, ಭತ್ತ ಹೇರಬೇಕು ಎಂದು ಫೋನು ಬರುತ್ತಿತ್ತು. ಬುಜ್ಜವ್ವ ಕೆಸರಿನಲ್ಲಿ ಸಿಕ್ಕಿಕೊಂಡಿದ್ದಾಳೆ, ಎಳೆಯಲು ನಾಲ್ಕು ಜನ ಬನ್ನಿ ಎಂದು ಗದ್ದೆಯಿಂದ ಕೂಗು ಕೇಳುತ್ತಿತ್ತು. ಒಳಗೆ ನಾನು ಸೆರಗು ಕಚ್ಚಿಕೊಂಡು ನಿಲ್ಲುತ್ತಿದ್ದೆ.

ಕೊನೆಗೆ ಗಂಡ ಹೆಸರು ತೆಗೆಸಲು ಮಾಮನನ್ನು ಕರೆಸಿದರು. ಅವರು ಬಂದು ಟ್ರಾಲಿಯ ಹಿಂದೆ ನಿಂತರು. ನಾನು ಬಾಗಿಲ ಮರೆಯಲ್ಲಿದ್ದೆ. ಇದ್ದದ್ದು ಅವರಿಗೆ ಗೊತ್ತಿತ್ತು. ಬಾಗಿಲಿನ ಕಡೆ ನೋಡದೆಯೇ, ಉಜ್ಜಿ ತೆಗೆಯಲೋ ಮುಚ್ಚಲೋ ಎಂದು ಕೇಳಿದರು. ಅವರೇ ಉತ್ತರ ಹೇಳಿಕೊಂಡರು.

“ಉಜ್ಜೂದು ಬ್ಯಾಡ ಬಿಡವ್ವ. ಮುಚ್ಚಿಡತೀನಿ.”

ಅದೇ ನೀಲಿಯನ್ನು ಕಲಸಿ ಅಕ್ಷರದ ಮೇಲೆ ಮೂರು ಕೈ ಹಚ್ಚಿದರು. ಹೂಬಳ್ಳಿಯನ್ನು ಮುಟ್ಟಲಿಲ್ಲ. ನಡುವೆ ಏನೂ ಇಲ್ಲದ ಒಂದು ಚೌಕಟ್ಟು ಉಳಿಯಿತು. ಹೆಸರು ಮುಚ್ಚಿದರೂ ಊರ ನಾಲಿಗೆಗೆ ಬಣ್ಣ ಹಚ್ಚಲಾಗುತ್ತದೆಯೇ? ಟ್ರ್ಯಾಕ್ಟರು ಬುಜ್ಜವ್ವನಾಗಿಯೇ ಓಡಾಡಿತು.

ಎರಡು ವರ್ಷಕ್ಕೆ ಮತ್ತೆ ಹೆಣ್ಣಾಯಿತು. ಮೊದಲ ಕೂಸು ಹೋದ ಮನೆಯಲ್ಲಿ ಎರಡನೆಯದಕ್ಕೆ ಚಂದದ ಹೆಸರಿಡಲು ಜನ ಹೆದರುತ್ತಾರೆ. ಮಗುವನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟರು. ನಾದಿನಿ ಯಾರೋ ಬಿಟ್ಟುಹೋದ ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಬಂದು, ತಿಪ್ಪೆಯಲ್ಲಿ ಸಿಕ್ಕಿತು, ಬೇಕಿದ್ದರೆ ಸಾಕಿಕೋ ಎಂದು ನನ್ನ ಮಡಿಲಿಗೆ ಹಾಕಿದಳು. ಹೆಸರು ತಿಪ್ಪಮ್ಮ. ತಿಪ್ಪೆಯ ಕೂಸಿನ ಮೇಲೆ ಯಾವ ಕಣ್ಣೂ ಬೀಳುವುದಿಲ್ಲವಂತೆ. ಜನನ ಪತ್ರಕ್ಕೆ ಗಂಡ ತನ್ವಿ ಎಂದು ಬರೆಸಿದರು.

ಎರಡು ಹೆಸರಿದ್ದವು. ಕರೆಯುವ ಹೆಸರು ಇರಲಿಲ್ಲ. ಎಲ್ಲರೂ ನನ್ನನ್ನು ಬಿಗುಮಾನದ ತಾಯಿ ಎಂದುಕೊಂಡರು. ನಾನು ಹೆದರಿದ್ದೆ. ಮುದ್ದಿನಿಂದ ಕರೆದರೆ ಯಾರೋ ಕೇಳಿಸಿಕೊಂಡುಬಿಡುತ್ತಾರೆ, ಇವಳು ನನಗೆ ಬೇಕಾದವಳು ಎಂದು ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ಮುದ್ದು ಮಾಡಲು ಬಾಯಿ ತೆರೆದರೆ ನಾಲಿಗೆಯ ತುದಿಗೆ ಬರುವುದು ದೊಡ್ಡವಳ ಹೆಸರೇ. ಅದಕ್ಕೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಏ ಹುಡುಗಿ ಎನ್ನುತ್ತಿದ್ದೆ. ಬಾ, ಹೋಗು, ಉಣ್ಣು ಎನ್ನುತ್ತಿದ್ದೆ. ಹೆಸರೇ ಬೇಡದ ಮಾತುಗಳು ಎಷ್ಟಿವೆ ಎಂದು ಆ ನಾಲ್ಕು ವರ್ಷಗಳಲ್ಲಿ ಕಲಿತೆ. ಅವಳು ರಾತ್ರಿ ನಿದ್ದೆ ಹೋದ ಮೇಲೆ ಮಾತ್ರ ಅವಳ ಪಾದ ಹಿಡಿದುಕೊಂಡು ಕೂರುತ್ತಿದ್ದೆ.

ಅವಳಿಗೆ ನಾಲ್ಕು ತುಂಬಿದ ವರ್ಷ ಮಾರ್ನವಮಿಗೆ ಮುಂಚೆ ಟ್ರಾಲಿಗೆ ಹೊಸ ಬಣ್ಣ ಹೊಡೆಸಬೇಕೆಂದು ಗಂಡ ಹೊರಟರು. ಖಾಲಿ ಚೌಕಟ್ಟಿನಲ್ಲಿ ಇವಳ ಹೆಸರೂ ಬರಲಿ ಎಂದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಬಳ್ಳಾರಿಯಲ್ಲಿ ಐದು ನಿಮಿಷದಲ್ಲಿ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಅಂಟಿಸುತ್ತಿದ್ದರು. ನಾನು ಅದನ್ನೇ ಹಾಕಿಸಿ ಎಂದೆ. ಸ್ಟಿಕ್ಕರಿನವನು ಪ್ರಶ್ನೆ ಕೇಳುವುದಿಲ್ಲವಲ್ಲ. ಗಂಡ ಕೇಳಲಿಲ್ಲ, ಮಾಮನನ್ನೇ ಕರೆತಂದರು. ವಯಸ್ಸಾಗಿ ಮಾಮನ ಕೈ ಸ್ವಲ್ಪ ನಡುಗುತ್ತಿತ್ತು, ಕೋಲು ಹಿಡಿದರೆ ನಿಲ್ಲುತ್ತಿತ್ತು.

ಮೊದಲ ದಿನ ಟ್ರಾಲಿಗೆಲ್ಲ ನೀಲಿ ಬಳಿದರು. ಹೂಬಳ್ಳಿಯನ್ನು ಸುತ್ತಲೂ ಹೊಸದಾಗಿ ತಿದ್ದಿದರು. ನನ್ನ ಕಡೆ ತಿರುಗಿ, ಮಗಳನ್ನು ಕರಿ ನೋಡೋಣ ಎಂದರು. ನಾನು ತನ್ವಿ ಎಂದು ಕರೆದೆ. ಅವಳು ಕೋಳಿಯ ಹಿಂದೆ ಓಡುತ್ತಿದ್ದವಳು ಓಡುತ್ತಲೇ ಇದ್ದಳು. ಅದು ಸಾಲಿ ಮೇಷ್ಟರಿಗೆ ಇಟ್ಟ ಹೆಸರು ಎಂದರು ಮಾಮ. ನನಗೆ ರೇಗಿತು. ಹಾಗಾದರೆ ತಿಪ್ಪಮ್ಮ ಅಂತ ಬರೀರಿ ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ.

“ಅದು ಯಮಗ ಹೇಳಾಕ ಇಟ್ಟಿದ್ದವ್ವ. ನೀ ಕರ್ಯಾಕ ಇಟ್ಟಿದ್ದು ಯಾವ್ದು?”

ನಾನು ಒಳಗೆ ಹೋದೆ. ಅವರು ಬಣ್ಣ ಇನ್ನೂ ಒಣಗಿಲ್ಲ ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದರು. ಮಾರನೆಯ ದಿನ ಬಂದರು, ಮನೆ ಮುಂದಿನ ಹುಣಸೆಮರದ ಕೆಳಗೆ ಕೂತರು, ಬಣ್ಣ ಒಣಗಿಲ್ಲ ಎಂದರು. ಹಿಂದಿನ ದಿನದ ಬಣ್ಣ ಒಣಗಿ ಗಟ್ಟಿಯಾಗಿರುವುದು ಎಲ್ಲರಿಗೂ ಕಾಣುತ್ತಿತ್ತು. ಮೂರನೆಯ ದಿನವೂ ಬಂದರು. ಭತ್ತ ಹೊಡೆ ಬಿಚ್ಚುವ ಹೊತ್ತು. ಗದ್ದೆಯಿಂದ ಹಾಲುಗಾಳಿನ ವಾಸನೆ ಊರೊಳಗೆಲ್ಲ ತುಂಬಿತ್ತು. ಕಾಲುವೆಯ ಏರಿಯ ಮೇಲೆ ಬೆಳ್ಳಕ್ಕಿಗಳು ನಿಂತಲ್ಲೇ ನಿಂತಿದ್ದವು. ಮಾಮ ಕೋಲನ್ನು ಮೊಣಕಾಲ ಮೇಲಿಟ್ಟುಕೊಂಡು ಕಣ್ಣು ಅರ್ಧ ಮುಚ್ಚಿ ಕೂತಿದ್ದರು. ಆ ಮಧ್ಯಾಹ್ನ ಮುಗಿಯುವುದೇ ಇಲ್ಲವೇನೋ ಅನ್ನಿಸಿತ್ತು. ಆ ಮೂರು ದಿನಗಳನ್ನು ನೆನೆದರೆ ಈಗಲೂ ನನಗೆ ಜೋಂಪು ಹತ್ತಿದ ಹಾಗಾಗುತ್ತದೆ.

ನಾನು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆ. ಮಾವ ಎಲೆಗೆ ಸುಣ್ಣ ಸವರುತ್ತಿದ್ದರು. ತಲೆ ಎತ್ತಿ ನೋಡಿದರೆ ಹುಡುಗಿ ಟ್ರಾಲಿಯ ಗಾಲಿ ಹತ್ತಿ, ಪಕ್ಕದ ಹಲಗೆಯ ಅಂಚಿನ ಮೇಲೆ ಎರಡೂ ಕೈ ಚಾಚಿ ನಡೆಯುತ್ತಿದ್ದಾಳೆ. ಕೆಳಗೆ ನೇಗಿಲಿನ ಕಬ್ಬಿಣ.

“ಬುಜ್ಜವ್ವಾ, ಇಳಿ ಕೆಳಗ.”

ಮಾವನ ಬೆರಳು ಎಲೆಯ ಮೇಲೆ ನಿಂತುಬಿಟ್ಟಿತು. ಮಾಮ ಕಣ್ಣು ತೆರೆಯಲಿಲ್ಲ. ಅವಳು ಅಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನನ್ನನ್ನೇ ನೋಡಿದಳು.

“ಬುಜ್ಜವ್ವ ಅಂದ್ರ ಟ್ರ್ಯಾಕ್ಟರ್ ಅಲ್ಲೇನವ್ವ? ನನಗ್ಯಾಕ ಹಂಗ ಕರಿದಿ?”

ತಪ್ಪು ಅವಳದಲ್ಲ. ಹುಟ್ಟಿದಾಗಿನಿಂದ ಊರ ಬಾಯಲ್ಲಿ ಅವಳು ಕೇಳಿದ್ದು ಅಷ್ಟೇ. ಕೆಸರಿನಲ್ಲಿ ಹೂತುಕೊಳ್ಳುವುದು, ಭತ್ತ ಹೇರುವುದು, ಡೀಸೆಲ್ ಕುಡಿಯುವುದು ಬುಜ್ಜವ್ವ. ಮೊರ ಕೆಳಗಿಟ್ಟು ಹೋಗಿ ಅವಳನ್ನು ಇಳಿಸಿಕೊಂಡೆ. ಅಲ್ಲೇ ಗಾಲಿಗೆ ಒರಗಿ ಕೂತೆ. ಟ್ರ್ಯಾಕ್ಟರಿಗೆ ಆ ಹೆಸರು ಬರುವುದಕ್ಕಿಂತ ಮೊದಲು ಅದು ಒಬ್ಬ ಹುಡುಗಿಯ ಹೆಸರಾಗಿತ್ತು ಎಂದೆ. ಆ ಹುಡುಗಿಯೂ ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದಳು, ನೀನು ಮಲಗಿದ ತೊಟ್ಟಿಲಿನಲ್ಲೇ ಮಲಗುತ್ತಿದ್ದಳು, ಜ್ವರ ಬಂದು ಹೋದಳು ಎಂದೆ. ಆರು ವರ್ಷ ಒಳಗಿದ್ದದ್ದು ನಾಲ್ಕು ಮಾತಿನಲ್ಲಿ ಮುಗಿಯಿತು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಅವಳಿಗೆ ಫ್ರಾಕು ಇತ್ತೇ, ಯಾವ ಬಣ್ಣದ್ದು, ಕೋಳಿಗೆ ಹೆದರುತ್ತಿದ್ದಳೇ ಎಂದೆಲ್ಲ ಕೇಳಿದಳು. ಆಮೇಲೆ ಇನ್ನೊಂದು ಕೇಳಿದಳು.

“ಹಂಗಾರ ನಾ ಆಕಿಗೆ ಏನಾಗಬೇಕು?”

“ತಂಗಿ ಆಗಬೇಕು.”

ಅವಳು ಎದ್ದು ಮಾಮನ ಹತ್ತಿರ ಹೋಗಿ, ನಾನು ತಂಗಿ ಎಂದು ಹೇಳಿ ಬಂದಳು, ಕೆಲಸ ಸಿಕ್ಕವರ ಹಾಗೆ. ತಾತನಿಗೂ ಹೇಳಿದಳು. ನನ್ನ ಮುಂದೆ ಬಂದು ನಿಂತು, ಮತ್ತೆ ನೀನು ಹಾಗೆ ಯಾಕೆ ಕರೆಯುವುದಿಲ್ಲ ಎಂದು ಕೇಳಿದಳು. ಎರಡೂ ಕೈ ಚಾಚಿದೆ.

“ಬಾರವ್ವ, ತಂಗೆವ್ವ.”

ನಮ್ಮ ಕಡೆ ಸಣ್ಣ ಹುಡುಗಿಯರನ್ನು ತಂಗೆವ್ವ ಎನ್ನುವುದು ಹೊಸದೇನಲ್ಲ, ಮನೆಮನೆಗೂ ಒಬ್ಬಳಿರುತ್ತಾಳೆ. ಆದರೆ ಒಬ್ಬಳೇ ಮಗಳಿರುವ ಮನೆಯಲ್ಲಿ ಹಾಗೆ ಕರೆಯುವುದಿಲ್ಲ. ಯಾರೋ ಕೇಳಿಸಿಕೊಂಡಾರೆಂಬ ಹೆದರಿಕೆ ನನಗೆ ಆಗಲೂ ಇತ್ತು. ಆದರೆ ಈ ಹೆಸರಿನಲ್ಲಿ ಅವಳು ಒಬ್ಬಳೇ ಇರಲಿಲ್ಲ. ಅವಳನ್ನು ನೋಡಿಕೊಳ್ಳಲು ದೊಡ್ಡವಳೂ ಇದ್ದಳು. ಆ ಧೈರ್ಯಕ್ಕೆ ಎರಡನೆಯ ಸಲ ಕರೆದೆ, ಮೂರನೆಯ ಸಲ ಕರೆದೆ. ಕರೆದಷ್ಟೂ ಸಲ ಅವಳು ಹತ್ತು ಹೆಜ್ಜೆ ಹಿಂದೆ ಹೋಗಿ ಮತ್ತೆ ಓಡಿ ಬಂದಳು.

ಮಾಮ ಎದ್ದು ಹಳದಿ ಡಬ್ಬಿಯ ಮುಚ್ಚಳ ತೆಗೆದರು. ಬಣ್ಣ ಒಣಗಿತೇನು ಎಂದು ಮಾವ ಕೇಳಿದ್ದಕ್ಕೆ, ಈಗ ಒಣಗಿತು ಎಂದರು. ಬೆರಳು ಕೊಟ್ಟರು, ಅವಳು ಎರಡೂ ಕೈಯಿಂದ ಹಿಡಿದಳು. ಹೂಬಳ್ಳಿಯ ಚೌಕಟ್ಟು ನಡುವೆ ಖಾಲಿಯೇ ಇತ್ತು. ಅವರು ಅದರ ಬಲಕ್ಕೆ ಸರಿದು, ಸುಣ್ಣದ ದಾರ ಹಿಡಿದು ಗೆರೆ ಹೊಡೆದರು. ನಡುವೆ ಅಷ್ಟು ಜಾಗ ಇದೆಯಲ್ಲ ಎಂದರು ಮಾವ.

“ಅಲ್ಲಿ ಮೊದ್ಲ ಬರ್ದೈತ್ರಿ, ಯಜಮಾನ್ರ.”

ತುಟಿ ಅಲ್ಲಾಡಿಸುತ್ತಾ, ಕೋಲಿನ ಮೇಲೆ ಕೈ ಆನಿಸಿ, ತಂಗೆವ್ವ ಎಂದು ಬರೆದರು. ಕೊನೆಯ ಸುರುಳಿ ಸ್ವಲ್ಪ ಅಲುಗಿತು, ತಿದ್ದಲಿಲ್ಲ. ಮಾವ ದೂರ ನಿಂತು ಓದಿದರು. ಅವರ ಮುಖ ಸಣ್ಣದಾಯಿತು. ಅಕ್ಕ ಎಲ್ಲಿ ಎಂದು ಜನ ಕೇಳುತ್ತಾರೆ, ಹೋದಲ್ಲಿ ಬಂದಲ್ಲಿ ಕೇಳುತ್ತಾರೆ, ಏನು ಹೇಳುವುದು ಎಂದರು. ಮಾಮ ಕುಂಚವನ್ನು ಸೀಮೆಎಣ್ಣೆಯಲ್ಲಿ ಜಾಲಿಸುತ್ತಿದ್ದರು.

“ಕೇಳ್ಲಿ ಬಿಡ್ರಿ. ಯಾರಾರ ಕೇಳ್ಬೇಕಲ್ರಿ.”

ಅಷ್ಟು ಹೇಳಿ, ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೋದರು. ಆಮೇಲೆ ಅವರು ನಮ್ಮ ಮನೆಗೆ ಬರುವ ಪ್ರಸಂಗ ಬರಲಿಲ್ಲ. ಮಗಳ ಶಾಲೆಗೆಂದು ನಾನು ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಹಿಡಿದೆ. ಊರಿಗೆ ಹೋಗುವಾಗ ಸಿರುಗುಪ್ಪದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಬೇವಿನ ಮರದ ಕಡೆ ನೋಡುತ್ತಿದ್ದೆ. ಒಂದೊಂದು ಸಲ ಅವರು ಇರುತ್ತಿದ್ದರು, ಒಂದೊಂದು ಸಲ ಬರೀ ಕೋಲು ಇರುತ್ತಿತ್ತು. ಇಳಿದು ಹೋಗಿ ಮಾತಾಡಿಸಬಹುದಿತ್ತು. ಇಳಿಯಲಿಲ್ಲ. ಅವರು ಹೆಸರು ಬರೆದು ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಅವರಿಗೆ ಹೇಳಬೇಕಿತ್ತು.

ಹೆಸರು ಬರೆದ ಮರುವಾರ ಗಂಡ ಗೊಬ್ಬರ ತರಲು ಟ್ರ್ಯಾಕ್ಟರ್ ತೆಗೆದುಕೊಂಡು ಸಿರುಗುಪ್ಪಕ್ಕೆ ಹೋದರು. ವಾಪಸು ಬಂದವರು ಕಾಲು ತೊಳೆದು, ಎಂದೂ ಕೂರದ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮೂಟೆ ಹೇರುವ ಹಮಾಲನೊಬ್ಬ ಹಿಂದಿನ ಹೆಸರು ಓದಿ, ತಂಗೆವ್ವ ಎಂದು ಬರೆದಿದೆಯಲ್ಲ, ಅಕ್ಕ ಎಲ್ಲಿ ಎಂದು ಕೇಳಿದನಂತೆ. ಗಂಡ ಗೊಬ್ಬರದ ಮೂಟೆಯ ಮೇಲೆ ಅವನ ಪಕ್ಕ ಕೂತು ಎಲ್ಲ ಹೇಳಿದರಂತೆ. ಗುರುತಿಲ್ಲದ ಮನುಷ್ಯನಿಗೆ ಅಷ್ಟನ್ನೆಲ್ಲ ಯಾಕೆ ಹೇಳಿದೆನೋ ನನಗೇ ಗೊತ್ತಾಗಲಿಲ್ಲ ಎಂದರು.

“ಆಕಿ ಬಲಗಾಲು ಮಡಚಿ ಅಂಬೆಗಾಲು ಹಾಕ್ತಿದ್ದಳು ಅಂತನೂ ಹೇಳಿದೆ.”

ನಾನು ರೊಟ್ಟಿ ಬಡಿಯುವುದು ಬಿಟ್ಟು ತಿರುಗಿದೆ.

“ಬಲಗಾಲಲ್ಲ, ಎಡಗಾಲು.”

ಅವರು ಬಲಗಾಲೇ ಎಂದರು. ಹಡೆದವಳು ನಾನು, ನನಗೆ ಗೊತ್ತಿಲ್ಲವೇ ಎಂದೆ. ಮಂಡಿ ತರಚಿದಾಗ ಎಣ್ಣೆ ಹಚ್ಚಿದವನು ನಾನು, ಅದು ಎಡ ಮಂಡಿ, ಎಡ ಮಂಡಿ ನೆಲಕ್ಕೆ ಉಜ್ಜಿ ತರಚಬೇಕಾದರೆ ಮಡಚಿ ಎತ್ತಿದ್ದು ಬಲಗಾಲೇ ಆಗಬೇಕು ಎಂದು ಅವರು ಲೆಕ್ಕ ಒಪ್ಪಿಸಿದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ದನಿ ಏರಿತು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಮಾವ ಹೊರಗಿನಿಂದ ಕೆಮ್ಮಿದರು. ಆರು ವರ್ಷಗಳಲ್ಲಿ ನಾವಿಬ್ಬರೂ ಅವಳ ಮಾತನ್ನು ಆಡಿದ್ದು ಅದೇ ಮೊದಲು. ಅದೂ ಜಗಳ.

ತಂಗೆವ್ವ ನಮ್ಮ ನಡುವೆ ಬಂದು ನೆಲಕ್ಕೆ ಕೈಯೂರಿದಳು. ಬಲಗಾಲು ಮಡಚಿ ಒಲೆಯ ತನಕ ಅಂಬೆಗಾಲಿಟ್ಟಳು. ತಿರುಗಿ, ಎಡಗಾಲು ಮಡಚಿ ಹೊಸ್ತಿಲ ತನಕ ಬಂದಳು.

“ಹಿಂಗೇನು, ಹಿಂಗೇನು?” ಎಂದು ಕೆಳಗಿನಿಂದಲೇ ಮುಖ ಎತ್ತಿ ಕೇಳಿದಳು.

ನಾವಿಬ್ಬರೂ ಅವಳನ್ನು ನೋಡಿದೆವು, ಆಮೇಲೆ ಒಬ್ಬರನ್ನೊಬ್ಬರು ನೋಡಿದೆವು.

“ಇನ್ನೊಮ್ಮಿ ಮಾಡವ್ವ” ಎಂದರು ಅವರು.